ಮದ್ರಸದ ಕೋಣೆಯಲ್ಲಿ ಬಾರೂದು, ಮೆಟ್ಟಿಲ ಕೆಳಗೆ ತೇಜಾಬು

ಜುಮಾದ ಬಯಾನಿನಲ್ಲಿ ಬೆಂಕಿ ಮತ್ತು ತೇಜಾಬಿನ ಬಗ್ಗೆ ನಾವು ಆಡಿದ್ದು ಹತ್ತು ನಿಮಿಷದ ಮಾತು. ನಮಾಜ್ ಮುಗಿದ ಮೇಲೆ ನೌಬಾದದ ಕೆಲವು ಹಿರಿಯರು, "ಹಜರತ್, ನಮ್ಮ ಬೀದರಿನ ಕಥೆ ಅರ್ಧಕ್ಕೆ ನಿಲ್ಲಿಸಿದಿರಿ, ಅದನ್ನು ಬರೆದು ಕೊಡಿ" ಎಂದರು. ಯುವಕರು ಕೇಳಿದ್ದು ಬೇರೆ: ಇನ್ವರ್ಟರ್ ಬ್ಯಾಟರಿಯಿಂದ ಬೆಂಕಿ ಹೇಗೆ ಹೊತ್ತುತ್ತದೆ, ಅದರಲ್ಲಿರುವುದು ನೀರಿನಂಥ ಪದಾರ್ಥ ತಾನೇ ಎಂದು. ಎರಡಕ್ಕೂ ಇಲ್ಲಿ ಒಟ್ಟಿಗೇ ಉತ್ತರ ಬರೆಯುತ್ತಿದ್ದೇವೆ. ಎರಡೂ ಒಂದೇ ಕಥೆ ಎಂಬುದು ನಮ್ಮ ಅಭಿಪ್ರಾಯ.

ಬೀದರಿನ ಚೌಬಾರಾದಿಂದ ಕೋಟೆಯ ಕಡೆ ಹೊರಟರೆ ದಾರಿಯಲ್ಲಿ ಮಹಮೂದ್ ಗವಾನರ ಮದ್ರಸ ಸಿಗುತ್ತದೆ. ನೋಡದವರು ನಮ್ಮ ಜಿಲ್ಲೆಯಲ್ಲಿ ಕಡಿಮೆ. ಶಾಲೆಯ ಮಕ್ಕಳು ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಆದರೆ ಫೋಟೋದಲ್ಲಿ ಒಂದು ಮಿನಾರು ಮಾತ್ರ ಏಕೆ ಇದೆ ಎಂದು ಕೇಳುವ ಮಗು ಅಪರೂಪ. ಅಲ್ಲಿ ಎರಡು ಮಿನಾರುಗಳಿದ್ದವು. ಉಳಿದಿರುವ ಒಂದರ ಎತ್ತರ ಸುಮಾರು 131 ಅಡಿ. ಅದರ ಜೋಡಿ, ಮುಖ್ಯ ದ್ವಾರ, ಕಟ್ಟಡದ ಮುಂಭಾಗದ ಒಂದು ದೊಡ್ಡ ಪಾಲು ಒಂದೇ ಏಟಿಗೆ ಹೋದವು. ಶತ್ರುವಿನ ತೋಪು ಬಂದು ಕೆಡವಿದ್ದಲ್ಲ. ಒಳಗೇ ತಂದಿಟ್ಟಿದ್ದ ವಸ್ತು ಕೆಡವಿತು.

ಗವಾನರು ಇರಾನಿನ ಗೀಲಾನ್ ಸೀಮೆಯವರು. 1453ರ ಸುಮಾರಿಗೆ ವ್ಯಾಪಾರಿಯಾಗಿ ಬೀದರಿಗೆ ಬಂದರು, ಬಹಮನಿ ಸುಲ್ತಾನರ ಕೈಕೆಳಗೆ ಮೇಲೇರಿ ಪ್ರಧಾನಿಯಾದರು. ಸ್ವಂತ ಹಣದಿಂದ ಕಟ್ಟಿಸಿದ ಮದ್ರಸ 1472ರಲ್ಲಿ, ಹಿಜರಿ 876ರಲ್ಲಿ, ಪೂರ್ಣವಾಯಿತು. ಮೂರು ಅಂತಸ್ತು, ಮಸೀದಿ, ಪಾಠದ ಹಜಾರಗಳು, ವಿದ್ಯಾರ್ಥಿಗಳಿಗೂ ಉಸ್ತಾದರಿಗೂ ವಾಸದ ಕೋಣೆಗಳು, ಮೂರು ಸಾವಿರ ಗ್ರಂಥಗಳಿದ್ದವೆಂದು ಹೇಳಲಾಗುವ ಕುತುಬ್‌ಖಾನೆ. ಗೋಡೆಯ ತುಂಬ ಬಣ್ಣದ ಹೆಂಚು, ಅದರ ಮೇಲೆ ಕುರ್‌ಆನಿನ ಆಯತ್‌ಗಳು. ಸಮರ್‌ಖಂದ್, ಖುರಾಸಾನಿನ ಮದ್ರಸಗಳ ಮಾದರಿ ಅದು.

ಇಲ್ಲಿ ಒಂದು ವಿಚಿತ್ರವಿದೆ. ಮದ್ರಸ ಮುಗಿದ ಅದೇ ಕಾಲದಲ್ಲಿ, 1472–73ರಲ್ಲಿ, ಬಹಮನಿ ಸೇನೆ ಬೆಳಗಾವಿ ಕೋಟೆಗೆ ಮುತ್ತಿಗೆ ಹಾಕಿತ್ತು. ಗೋಡೆಯ ಬುಡದಲ್ಲಿ ಸುರಂಗ ತೋಡಿ, ಅದರಲ್ಲಿ ಬಾರೂದು ತುಂಬಿ ಸಿಡಿಸುವ ವಿದ್ಯೆಯನ್ನು ಗವಾನರು ಅಲ್ಲಿ ಬಳಸಿದರು; ದಖ್ಖನಿನವರಿಗೆ ಅದು ಹೊಸದಾಗಿತ್ತು ಎಂದು ಇತಿಹಾಸಕಾರ ಫಿರಿಶ್ತಾ ಬರೆದಿದ್ದಾರೆ. ಅಂದರೆ ಬಾರೂದಿನ ಬಲವನ್ನು ಆ ಮನುಷ್ಯರು ಚೆನ್ನಾಗಿ ಅರಿತಿದ್ದರು. ಅರಿತವರು ಅದನ್ನು ಬೆಳಗಾವಿಯ ಸುರಂಗದಲ್ಲಿ ಇಟ್ಟರು, ಕಿತಾಬುಗಳನ್ನು ಮದ್ರಸದಲ್ಲಿ ಇಟ್ಟರು. 1481ರಲ್ಲಿ ಸುಳ್ಳು ಪತ್ರವೊಂದನ್ನು ನಂಬಿ ಸುಲ್ತಾನ ಅವರ ತಲೆ ತೆಗೆಸಿದ. ಆ ಕಥೆ ಬೇರೆ.

ಮುಂದೆ ಬೀದರು ಬರೀದ್ ಶಾಹಿಗಳಿಗೆ, ಅವರಿಂದ ಬಿಜಾಪುರದ ಆದಿಲ್‌ಶಾಹಿಗಳಿಗೆ ಹೋಯಿತು. 1657ರ ಮಾರ್ಚ್‌ನಲ್ಲಿ ಶಾಹಜಾದೆ ಔರಂಗಜೇಬ್ ಕೋಟೆಗೆ ಮುತ್ತಿಗೆ ಹಾಕಿದಾಗ ಇಲ್ಲಿದ್ದ ಕಿಲ್ಲೇದಾರ್ ಸಿದ್ದಿ ಮರ್ಜಾನ್. ವಯಸ್ಸಾದ, ಗಟ್ಟಿ ಮನುಷ್ಯ. ಸುಲಭವಾಗಿ ಬಾಗಿಲು ತೆರೆಯಲಿಲ್ಲ. ಕೊನೆಗೆ ಕೋಟೆ ಬಿದ್ದದ್ದು ಹೇಗೆ? ಮೊಗಲರ ಒಂದು ಬಾಣದ ಕಿಡಿ ಬುರುಜಿನ ಹಿಂದೆ ರಾಶಿ ಹಾಕಿದ್ದ ಬಾರೂದಿಗೆ, ಕೈಬಾಂಬುಗಳಿಗೆ ತಗುಲಿತು. ಮರ್ಜಾನ್ ಅಲ್ಲೇ ಹತ್ತಿರ ನಿಂತಿದ್ದರು. ಇಬ್ಬರು ಗಂಡುಮಕ್ಕಳೊಂದಿಗೆ ಸುಟ್ಟು ಹೋದರು. ಆ ಗಾಯದಿಂದ ಅವರು ಏಳಲಿಲ್ಲ. 27 ದಿನದ ಮುತ್ತಿಗೆ ಒಂದು ಕಿಡಿಗೆ ಮುಗಿಯಿತು. ಶತ್ರು ಹೊತ್ತಿಸಿದ ಕಿಡಿ ನಿಜ. ಆದರೆ ಕಾವಲು ನಿಲ್ಲುವ ಜಾಗದಲ್ಲೇ ರಾಶಿ ಇಟ್ಟವರು ಕೋಟೆಯವರೇ.

ಗೆದ್ದವರು ಇದರಿಂದ ಪಾಠ ಕಲಿತರೇ? ಇಲ್ಲ. ಬೀದರಿಗೆ ಜಫರಾಬಾದ್ ಎಂದು ಹೆಸರಿಟ್ಟರು, ಮದ್ರಸವನ್ನು ಸಿಪಾಯಿಗಳ ವಸತಿಗೆ ಕೊಟ್ಟರು, ಮಿನಾರಿನ ಪಕ್ಕದ ಕೋಣೆಗಳಲ್ಲಿ ಬಾರೂದು ತುಂಬಿದರು. ಗಟ್ಟಿ ಗೋಡೆ, ಮಳೆ ನೀರು ಒಳಗೆ ಬಾರದು, ಬೀಗ ಹಾಕಿದರೆ ಸಾಕು. ಅವರ ಲೆಕ್ಕ ಅಷ್ಟೇ ಇದ್ದಿರಬೇಕು. 1696ರಲ್ಲಿ ಅದು ಸಿಡಿಯಿತು. ಸಿಡಿಲು ಬಡಿಯಿತೆಂದು ಕೆಲವರು ಹೇಳುತ್ತಾರೆ, ಬಾರೂದಿಗೇ ಬೆಂಕಿ ತಗುಲಿತೆಂದು ಕೆಲವರು. ನಮಗೆ ಈ ವಾದದಲ್ಲಿ ಹೆಚ್ಚು ಹುರುಳು ಕಾಣುವುದಿಲ್ಲ. ಸಿಡಿಲು ಎತ್ತರದ ಕಟ್ಟಡಗಳಿಗೆ ಬಡಿಯುತ್ತಲೇ ಇರುತ್ತದೆ. ಹೆಚ್ಚೆಂದರೆ ಗೋಡೆ ಸೀಳುತ್ತದೆ, ಒಂದಿಷ್ಟು ಗಾರೆ ಉದುರುತ್ತದೆ. ಕಟ್ಟಡದ ಕಾಲುಭಾಗ ನೆಲಕ್ಕೆ ಬೀಳಬೇಕಾದರೆ ಒಳಗೆ ಏನೋ ಇಟ್ಟಿರಬೇಕು. "ತಕ್‌ದೀರ್, ಸಿಡಿಲು ಬಿತ್ತು" ಎಂದು ಕೈ ತೊಳೆದುಕೊಳ್ಳುವುದು ಸುಲಭ. ಆ ಕೋಣೆಗೆ ಬಾರೂದು ಹೊತ್ತು ತಂದದ್ದು ಮನುಷ್ಯರ ಕೈ.

ಬಾರೂದು ಮೂರು ವಸ್ತುಗಳ ಮಿಶ್ರಣ. ನೂರು ತೊಲೆಯಲ್ಲಿ ಸುಮಾರು 75 ತೊಲೆ ಸೋರಾ, ಅಂದರೆ ಪೆಟ್ಲುಪ್ಪು. 15 ತೊಲೆ ಇದ್ದಿಲು. 10 ತೊಲೆ ಗಂಧಕ. ಸೋರಾವನ್ನು ಬೂದಿ ನೀರಿನಿಂದ ಶುದ್ಧ ಮಾಡುವ ವಿಧಾನವನ್ನು 13ನೇ ಶತಮಾನದಲ್ಲೇ ಶಾಮಿನ ಹಸನ್ ಅಲ್-ರಮ್ಮಾಹ್ ಬರೆದಿಟ್ಟಿದ್ದರು. ಇದರಲ್ಲಿನ ಗಂಧಕವೇ ನಮ್ಮನ್ನು ತೇಜಾಬಿಗೆ ಕರೆದೊಯ್ಯುತ್ತದೆ. ಗಂಧಕವನ್ನು ಸುಟ್ಟು, ಹೊಗೆಯನ್ನು ಇನ್ನಷ್ಟು ಗಾಳಿಯೊಂದಿಗೆ ಸೇರಿಸಿ, ನೀರಿಗಿಳಿಸಿದರೆ ಸಿಗುವುದು ಗಂಧಕಾಮ್ಲ, ಅಂಗಡಿಯವರ ಬಾಯಲ್ಲಿ ಸಲ್ಫ್ಯೂರಿಕ್ ಆಸಿಡ್, ನಮ್ಮ ಮನೆಯ ಮಾತಿನಲ್ಲಿ ತೇಜಾಬು. ಬಾರೂದು ಮತ್ತು ತೇಜಾಬು ಹೀಗೆ ಒಂದೇ ಗಂಧಕದ ಮಕ್ಕಳು.

ಈ ಆಮ್ಲವನ್ನು ಕಂಡುಹಿಡಿದವರು ಮುಸ್ಲಿಮರು, ಜಾಬಿರ್ ಬಿನ್ ಹಯ್ಯಾನ್ ಅಥವಾ ಅಬೂಬಕರ್ ರಾಜಿ, ಎಂದು ನಮ್ಮ ಭಾಷಣಗಳಲ್ಲಿ ಅಭಿಮಾನದಿಂದ ಹೇಳುವುದುಂಟು. ಅಷ್ಟು ಖಚಿತವಾಗಿ ಹೇಳಲು ವಿದ್ವಾಂಸರು ಒಪ್ಪುವುದಿಲ್ಲ, ನಾವೂ ಎಳೆದು ಹೇಳುವುದು ಬೇಡ. ರಾಜಿಯವರು (865–925) "ಜಾಜ್" ಎಂಬ ಲವಣಗಳನ್ನು ಒಂದು ವರ್ಗವಾಗಿ ಬೇರ್ಪಡಿಸಿ ಬರೆದರು ಎಂಬುದು ನಿಜ. ಅನ್ನಭೇದಿ, ಮೈಲುತುತ್ತ ಇವೆಲ್ಲ ಆ ಗುಂಪಿನವು. ಇವನ್ನು ಜೋರಾಗಿ ಕಾಸಿ ಬಟ್ಟಿ ಇಳಿಸಿ ಮುಂದಿನವರು ಆಮ್ಲ ತೆಗೆದರು. ಆ ಮೈಲುತುತ್ತ ಇವತ್ತಿಗೂ ಬೀದರಿನ ಬಿದ್ರಿ ಕೆಲಸಗಾರರ ಮುಂದೆ ಇರುತ್ತದೆ. ಸತು-ತಾಮ್ರದ ಪಾತ್ರೆಗೆ ಅದರ ನೀರು ಸವರಿದರೆ ಮೇಲ್ಮೈ ಕಪ್ಪಾಗುತ್ತದೆ, ಕಪ್ಪಿನ ಮೇಲೆ ಕೊರೆದ ಗೆರೆ ಎದ್ದು ಕಾಣುತ್ತದೆ. ಕೊನೆಯ ಶಾಶ್ವತ ಕಪ್ಪಿಗೆ ನವಸಾಗರ ಮತ್ತು ಕೋಟೆಯ ಹಳೆ ಮಣ್ಣು. ಅಪ್ಪ, ಅಜ್ಜನ ಕಾಲದಿಂದ ಈ ವಸ್ತುಗಳೊಂದಿಗೆ ಬದುಕಿದ ಆ ಕುಶಲಕರ್ಮಿಗಳಿಗೆ ಯಾವುದನ್ನು ಎಷ್ಟು ಮುಟ್ಟಬೇಕೆಂಬ ಅಳತೆ ಗೊತ್ತು. ಕಷ್ಟವಿರುವುದು ನಿನ್ನೆ ಮೊನ್ನೆ ಮನೆಗೆ ತಂದವರದು.

ನಿನ್ನೆ ಮೊನ್ನೆ ಎಂದದ್ದು ಸುಮ್ಮನೆ ಅಲ್ಲ. ಬಹುಕಾಲ ಈ ಆಮ್ಲ ಗಾಜಿನ ಪಾತ್ರೆಯಲ್ಲಿ ತೊಟ್ಟು ತೊಟ್ಟಾಗಿ ಸಿಗುವ ದುಬಾರಿ ವಸ್ತುವಾಗಿತ್ತು. 1746ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ರೋಬಕ್ ಸೀಸದ ಕೋಣೆಗಳಲ್ಲಿ ಅದನ್ನು ತಯಾರಿಸತೊಡಗಿದ ಮೇಲೆ ಅಗ್ಗವಾಯಿತು. ನಮ್ಮ ರಾಜ್ಯದಲ್ಲಿ 1930ರ ದಶಕದ ಕೊನೆಯಲ್ಲಿ ಮೈಸೂರಿನ ಹತ್ತಿರ ಬೆಳಗೊಳದ ಗೊಬ್ಬರ ಕಾರ್ಖಾನೆಯಲ್ಲಿ ತಯಾರಾಗತೊಡಗಿತು. ಈಗ ಗೊಬ್ಬರಕ್ಕೆ, ಔಷಧಕ್ಕೆ, ಬಣ್ಣಕ್ಕೆ ಎಲ್ಲಕ್ಕೂ ಅದು ಬೇಕು. ನೌಬಾದದಿಂದ ಬಹುದೂರವಿಲ್ಲದ ಕೊಳಾರ ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಘಟಕಗಳಿವೆ, ನಮ್ಮ ಹುಡುಗರು ಪಾಳಿ ಲೆಕ್ಕದಲ್ಲಿ ದುಡಿಯುತ್ತಾರೆ. ಭಾಲ್ಕಿ, ಔರಾದ್ ರಸ್ತೆಯ ಮೆಕ್ಯಾನಿಕ್ ಶೆಡ್‌ಗಳಲ್ಲಿ ಬ್ಯಾಟರಿ, ಗುಜರಿ ಅಂಗಡಿಗಳಲ್ಲಿ ಬ್ಯಾಟರಿ, ಮನೆಮನೆಯ ಇನ್ವರ್ಟರಿನಲ್ಲಿ ಬ್ಯಾಟರಿ.

ಈಗ ಯುವಕರ ಪ್ರಶ್ನೆ. ತೇಜಾಬು ಸೀಮೆಎಣ್ಣೆಯಂತೆ ತಾನೇ ಹೊತ್ತಿ ಉರಿಯುವುದಿಲ್ಲ, ಅದು ನಿಜ. ಅದು ಬೆಂಕಿಯನ್ನು ಬೇರೆ ದಾರಿಯಿಂದ ಕರೆತರುತ್ತದೆ. ಗಟ್ಟಿ ಆಮ್ಲ, ಅಂದರೆ ನೂರಕ್ಕೆ 98ರಷ್ಟು ಇರುವುದು, ನೀರಿಗಾಗಿ ಹಸಿದಿರುತ್ತದೆ. ಸಕ್ಕರೆಯ ಮೇಲೆ ಸುರಿದರೆ ಸಕ್ಕರೆಯೊಳಗಿನ ನೀರನ್ನು ಎಳೆದು ಕರಿ ಇದ್ದಿಲು ಮಾಡುತ್ತದೆ. ಮರದ ಹೊಟ್ಟು, ಗೋಣಿಚೀಲ, ಹತ್ತಿ, ಕಾಗದಕ್ಕೂ ಅದೇ ಗತಿ. ಆಗ ಹುಟ್ಟುವ ಶಾಖಕ್ಕೆ ಅವು ಹೊತ್ತಿಕೊಳ್ಳಬಹುದು. ಆದ್ದರಿಂದ ಚೆಲ್ಲಿದ ಆಮ್ಲದ ಮೇಲೆ ಗೋಣಿತಟ್ಟು, ಹೊಟ್ಟು ಹಾಕುವ ಅಭ್ಯಾಸ ಅಪಾಯದ್ದು. ಒಣ ಮರಳು ಹಾಕಬೇಕು, ಆಮೇಲೆ ಸ್ವಲ್ಪ ಸ್ವಲ್ಪವಾಗಿ ಸೋಡಾ ಅಥವಾ ಸುಣ್ಣ.

ಇನ್ನೊಂದು ದಾರಿ ಹೈಡ್ರೋಜನ್ ಅನಿಲದ್ದು. ನೀರು ಬೆರೆತ ತೆಳು ಆಮ್ಲ ಕಬ್ಬಿಣಕ್ಕೆ, ಸತುವಿಗೆ ತಗುಲಿದರೆ ಈ ಅನಿಲ ಏಳುತ್ತದೆ. ಬಣ್ಣವಿಲ್ಲ, ವಾಸನೆಯಿಲ್ಲ. ಗಾಳಿಯಲ್ಲಿ ನೂರಕ್ಕೆ 4 ಪಾಲು ಸೇರಿದರೂ ಒಂದು ಕಿಡಿ ಸಾಕು. ಇದರಿಂದ ಹುಟ್ಟುವ ಒಂದು ಸಂಗತಿ ಗುಜರಿಯವರು, ವೆಲ್ಡಿಂಗ್‌ನವರು ಮನಸ್ಸಿಗೆ ತಂದುಕೊಳ್ಳಬೇಕು. ಗಟ್ಟಿ ಆಮ್ಲ ತುಂಬಿದ್ದ ಕಬ್ಬಿಣದ ಡ್ರಮ್ಮು ಖಾಲಿಯಾದ ಮೇಲೆ ಹೆಚ್ಚು ಅಪಾಯಕಾರಿ. ತಳದಲ್ಲಿ ಉಳಿದ ಆಮ್ಲಕ್ಕೆ ತೊಳೆದ ನೀರು ಬೆರೆತು ತೆಳುವಾಗುತ್ತದೆ, ಕಬ್ಬಿಣವನ್ನು ತಿನ್ನತೊಡಗುತ್ತದೆ, ಡ್ರಮ್ಮಿನೊಳಗೆ ಹೈಡ್ರೋಜನ್ ತುಂಬುತ್ತದೆ. "ಖಾಲಿ ಡ್ರಮ್, ತೊಳೆದಿದ್ದೇವೆ" ಎಂದು ಕತ್ತರಿಸಲು ಕೂರುವವನು ಬಾರೂದಿನ ಕೋಣೆಗೆ ದೀಪ ಹಿಡಿದು ಹೋದಂತೆಯೇ. ಬ್ಯಾಟರಿಯೂ ಚಾರ್ಜ್ ಆಗುವಾಗ ಇದೇ ಅನಿಲವನ್ನು ಬಿಡುತ್ತದೆ. ಗಾಳಿಯಾಡುವ ಕಡೆ ಇದ್ದರೆ ಅದು ಹಾರಿ ಹೋಗುತ್ತದೆ. ನಮ್ಮ ಮನೆಗಳಲ್ಲಿ ಇನ್ವರ್ಟರ್ ಎಲ್ಲಿರುತ್ತದೆ? ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಬಾಗಿಲು ಹಾಕಿ, ಪಕ್ಕದಲ್ಲಿ ಹಳೆಯ ಪೇಪರು, ಹಾಸಿಗೆಯ ಸುರುಳಿ, ಸೀಮೆಎಣ್ಣೆ ಕ್ಯಾನು. ಮಳೆ ಬೀಳದ ಜಾಗ, ಗಟ್ಟಿ ಗೋಡೆ, ಮಕ್ಕಳ ಕಣ್ಣಿಗೆ ಬೀಳದು. ಮೊಗಲ್ ದಾರೋಗನ ಲೆಕ್ಕವೇ!

ಮೂರನೆಯದು ನೀರು. ಗಟ್ಟಿ ಆಮ್ಲಕ್ಕೆ ನೀರು ಸುರಿದರೆ ಮೇಲಿನ ನೀರು ಕ್ಷಣದಲ್ಲಿ ಕುದಿದು ಆಮ್ಲವನ್ನು ಮುಖಕ್ಕೆ ಎರಚುತ್ತದೆ. ತೆಳು ಮಾಡಲೇಬೇಕಿದ್ದರೆ ನೀರಿಗೆ ಆಮ್ಲವನ್ನು ನಿಧಾನವಾಗಿ ಬಿಡಬೇಕು, ಆಮ್ಲಕ್ಕೆ ನೀರನ್ನಲ್ಲ. ಈ ಕೆಲಸ ಮನೆಯದ್ದಲ್ಲ, ಕಲಿತವರದು. ಮನೆಯ ಬ್ಯಾಟರಿಗೆ ಬೇಕಿರುವುದು ಅಂಗಡಿಯ ಡಿಸ್ಟಿಲ್ಡ್ ವಾಟರ್ ಮಾತ್ರ. ನೀರು ಇಳಿದಿದೆಯೆಂದು "ಆಸಿಡ್" ತಂದು ಸುರಿಯುವವರು ಬ್ಯಾಟರಿಯನ್ನೂ ಕೆಡಿಸುತ್ತಾರೆ, ಕಣ್ಣನ್ನೂ ಅಪಾಯಕ್ಕೆ ಒಡ್ಡುತ್ತಾರೆ. ಮುಚ್ಚಳ ತೆರೆಯುವ ಮೊದಲು ಸ್ವಿಚ್ ಬಂದ್ ಮಾಡಿ. ಹತ್ತಿರ ಬೀಡಿ, ಅಗರಬತ್ತಿ, ಮೊಂಬತ್ತಿ ಬೇಡ. ಕರೆಂಟ್ ಹೋದಾಗ ಮೊಂಬತ್ತಿ ಹಿಡಿದು ಬ್ಯಾಟರಿಯೊಳಗೆ ಇಣುಕುವ ಧೈರ್ಯವಂತರು ನಮ್ಮಲ್ಲಿದ್ದಾರೆ.

ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಮದೀನಾದ ಒಂದು ಮನೆ ರಾತ್ರಿಯಲ್ಲಿ, ಒಳಗಿದ್ದವರ ಸಮೇತ ಸುಟ್ಟು ಹೋದ ಸುದ್ದಿ ಬಂತು. ಬೆಂಕಿ ನಿಮ್ಮ ವೈರಿ, ಮಲಗುವಾಗ ಅದನ್ನು ಆರಿಸಿ ಎಂಬ ಅರ್ಥದ ಮಾತನ್ನು ಅವರು ಆಗ ಹೇಳಿದರೆಂದು ಬುಖಾರಿಯಲ್ಲಿದೆ. ಇನ್ನೊಂದು ವರದಿಯಲ್ಲಿ ಕಾರಣವೂ ಬರುತ್ತದೆ: ಇಲಿ ದೀಪದ ಬತ್ತಿಯನ್ನು ಎಳೆದುಕೊಂಡು ಹೋಗಿ ಮನೆಗೆ ಬೆಂಕಿ ಹಚ್ಚೀತು. ಇದನ್ನು ಓದುವಾಗಲೆಲ್ಲ ನಮ್ಮನ್ನು ತಟ್ಟುವುದು ಆ ಇಲಿ. ದೀಪ ಹೊತ್ತಿಸಿದವನಿಗೆ ಬೆಂಕಿ ಹಚ್ಚುವ ಉದ್ದೇಶವಿರಲಿಲ್ಲ, ಇಲಿಗೂ ಇರಲಿಲ್ಲ. ಆದರೂ ಇಲಿ ಬರುತ್ತದೆಂದು ಮೊದಲೇ ಯೋಚಿಸುವ ಹೊಣೆ ದೀಪದ ಒಡೆಯನದು. 1696ರ ಸಿಡಿಲೂ ಅಂಥದೊಂದು ಇಲಿಯೇ.

ಫಿಕ್ಹಿನ ಪುಸ್ತಕಗಳಲ್ಲಿ ಇದಕ್ಕೆ "ಜಮಾನ್" ಎಂಬ ಅಧ್ಯಾಯವಿದೆ, ನಷ್ಟ ತುಂಬಿಕೊಡುವ ಹೊಣೆ. ಜನ ನಡೆಯುವ ದಾರಿಯಲ್ಲಿ ಅನುಮತಿಯಿಲ್ಲದೆ ಬಾವಿ ತೋಡಿದವನು, ಅದರಲ್ಲಿ ಯಾರಾದರೂ ಬಿದ್ದರೆ, ತಾನು ನೂಕಲಿಲ್ಲವೆಂದು ಪಾರಾಗುವಂತಿಲ್ಲ. ನಮ್ಮ ದೇಶದ ನ್ಯಾಯಾಲಯವೂ ತನ್ನ ದಾರಿಯಿಂದ ಇಂಥದೇ ಮಾತಿಗೆ ಬಂದದ್ದು ಈ ಆಮ್ಲದ ಪ್ರಕರಣದಲ್ಲೇ. 1985ರ ಡಿಸೆಂಬರ್ 4ರಂದು ದೆಹಲಿಯ ಕಾರ್ಖಾನೆಯೊಂದರಿಂದ ಓಲಿಯಂ, ಅಂದರೆ ಗಂಧಕಾಮ್ಲದ ಇನ್ನೂ ಗಟ್ಟಿಯಾದ ರೂಪ, ಸೋರಿ ಹೊಗೆ ನಗರಕ್ಕೆ ಹಬ್ಬಿತು. ಭೋಪಾಲ್ ದುರಂತಕ್ಕೆ ಆಗ ತಾನೇ ಒಂದು ವರ್ಷ ತುಂಬಿತ್ತು. ಅಪಾಯಕರ ವಸ್ತುವಿನಿಂದ ಲಾಭ ಮಾಡುವವರು, ಅದರಿಂದ ಇತರರಿಗೆ ಹಾನಿಯಾದರೆ, "ನಾವು ಎಚ್ಚರ ವಹಿಸಿದ್ದೆವು" ಎಂಬ ನೆಪ ಹೇಳದೆ ಪರಿಹಾರ ಕೊಡಬೇಕೆಂದು ಸುಪ್ರೀಂ ಕೋರ್ಟ್ 1986ರಲ್ಲಿ ತೀರ್ಮಾನಿಸಿತು. ಸಂಪೂರ್ಣ ಹೊಣೆಗಾರಿಕೆ ಎಂದು ಕಾನೂನಿನಲ್ಲಿ ಅದಕ್ಕೆ ಹೆಸರು. ಕೊಳಾರಕ್ಕೆ ದುಡಿಯಲು ಹೋಗುವ ಹುಡುಗರಿಗೆ ಈ ತೀರ್ಪು ಗೊತ್ತಿರಲಿ. ಕನ್ನಡಕ, ರಬ್ಬರ್ ಕೈಗವಸು, ಬೂಟು, ಕೈಗೆಟುಕುವಲ್ಲಿ ಧಾರಾಳ ನೀರು ಇವನ್ನು ಕೇಳುವುದು ಉದ್ಧಟತನವಲ್ಲ. ಎರಡು ದಿನದ ಪಗಾರ ಹೋದೀತೆಂದು ಹೆದರಿ ಸುಮ್ಮನಿದ್ದವನ ಕಣ್ಣು ಹೋದರೆ ಮನೆಯ ತಾಯಿ ಏನು ಮಾಡಬೇಕು?

ಮಾರುವವರ ಮಾತೂ ಇದೆ. ಹೆಣ್ಣುಮಕ್ಕಳ ಮುಖದ ಮೇಲೆ ತೇಜಾಬು ಎರಚುವ ಪೈಶಾಚಿಕ ಕೃತ್ಯಗಳು ಹೆಚ್ಚಿದ ಮೇಲೆ 2013ರಲ್ಲಿ ಕಾನೂನು ಬದಲಾಯಿತು. ಆ ಅಪರಾಧಕ್ಕೆ ಕನಿಷ್ಠ ಹತ್ತು ವರ್ಷ, ಗರಿಷ್ಠ ಜೀವಾವಧಿ ಶಿಕ್ಷೆ. ಅದೇ ವರ್ಷ ಜುಲೈ 18ರಂದು ಸುಪ್ರೀಂ ಕೋರ್ಟ್ ಮಾರಾಟಕ್ಕೂ ಕಡಿವಾಣ ಹಾಕಿತು: ಕೊಂಡವರ ಹೆಸರು, ವಿಳಾಸ, ಪ್ರಮಾಣ ರಿಜಿಸ್ಟರಿನಲ್ಲಿ ಬರೆಯಬೇಕು, ಸರ್ಕಾರಿ ಗುರುತಿನ ಚೀಟಿ ನೋಡಬೇಕು, ಏಕೆ ಬೇಕೆಂದು ಕೇಳಬೇಕು, 18 ವರ್ಷದೊಳಗಿನವರಿಗೆ ಕೊಡಕೂಡದು. ಕಿರಾಣಿ, ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ನಮ್ಮ ಸಹೋದರರು ಇದನ್ನು ಸರ್ಕಾರದ ಕಿರಿಕಿರಿ ಎಂದು ಭಾವಿಸಬಾರದು. ಹಳೆಯ ನೀರಿನ ಬಾಟಲಿಯಲ್ಲಿ ತೇಜಾಬು ತುಂಬಿ ಕೊಡುವುದಂತೂ ಹರಾಮಿಗೆ ಹತ್ತಿರದ ಕೆಲಸವೆಂದೇ ನಾವು ಹೇಳುತ್ತೇವೆ. ಬೇಸಿಗೆಯಲ್ಲಿ ಆಡಿ ಬಂದ ಮಗು ಬಾಟಲಿ ಕಂಡರೆ ಎತ್ತಿ ಕುಡಿಯುತ್ತದೆ.

ಮೈಗೆ ತಗುಲಿದರೆ ಮಾಡಬೇಕಾದದ್ದು ಮನೆಯ ಹೆಣ್ಣುಮಕ್ಕಳಿಗೆ ಮೊದಲು ಗೊತ್ತಿರಬೇಕು, ಏಕೆಂದರೆ ಹಗಲು ಮನೆಯಲ್ಲಿರುವವರು ಬಹುಪಾಲು ಅವರೇ. ತೊಯ್ದ ಬಟ್ಟೆ ತಕ್ಷಣ ಬಿಚ್ಚಿ. ನಲ್ಲಿಯ ಕೆಳಗೆ, ಇಲ್ಲವೇ ತಂಬಿಗೆಯಿಂದ ನಿಲ್ಲಿಸದೆ, ಕನಿಷ್ಠ 20–30 ನಿಮಿಷ ನೀರು ಸುರಿಯಿರಿ. ಕಣ್ಣಿಗಾದರೆ ರೆಪ್ಪೆ ಬಿಡಿಸಿ ಸುರಿಯಿರಿ. ಅರಿಶಿನ, ಟೂತ್‌ಪೇಸ್ಟ್, ಎಣ್ಣೆ, ಸುಣ್ಣ ಯಾವುದೂ ಬೇಡ. ಕುಡಿದಿದ್ದರೆ ವಾಂತಿ ಮಾಡಿಸಬೇಡಿ; ಇಳಿಯುವಾಗ ಸುಟ್ಟದ್ದು ಏರುವಾಗ ಇನ್ನೊಮ್ಮೆ ಸುಡುತ್ತದೆ. ಬೇಗ ಬ್ರಿಮ್ಸ್‌ಗೆ ಅಥವಾ ಹತ್ತಿರದ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ಯಿರಿ. ಮೊದಲು ನೀರು, ಆಮೇಲೆ ಆಟೋ. ಅಗ್ನಿಶಾಮಕ ದಳಕ್ಕೆ 101 ಅಥವಾ 112. ಕರೆ ಮಾಡಿದಾಗ "ಆಸಿಡ್ ಇದೆ" ಎಂದು ಮೊದಲೇ ತಿಳಿಸಿದರೆ ಅವರು ಅದಕ್ಕೆ ತಕ್ಕಂತೆ ಸಿದ್ಧರಾಗಿ ಬರುತ್ತಾರೆ. ನಾವೇ ಪೈಪು ಹಿಡಿದು ಆಮ್ಲದ ಮೇಲೆ ನೀರು ಹಾರಿಸಬಾರದು.

ಕೊನೆಯದು ನೌಬಾದಿಗೇ ಸೇರಿದ ವಿಷಯ. ನಾವು ನಡೆಯುವ ನೆಲದ ಕೆಳಗೆ ಬಹಮನಿ ಕಾಲದ ಸುರಂಗ ಬಾವಿ ಇದೆ, ಇರಾನಿನವರ ಮಾತಿನಲ್ಲಿ ಕಾರೇಜ್. ಬೀದರಿನ ಕೆಂಪು ಜಂಬಿಟ್ಟಿಗೆ ಕಲ್ಲು ಸ್ಪಂಜಿನಂತೆ ಮಳೆನೀರು ಹೀರುತ್ತದೆ, ಕೆಳಗಿನ ಕಪ್ಪು ಬಂಡೆ ಅದನ್ನು ತಡೆದು ನಿಲ್ಲಿಸುತ್ತದೆ. ಆ ನೀರನ್ನು ಹಿಡಿದು ಸಣ್ಣ ಇಳಿಜಾರಿನಲ್ಲಿ ಹರಿಸಲು ಸುರಂಗ ಕೊರೆದರು, ನಡುನಡುವೆ ಗಾಳಿಗೂ ಹೂಳೆತ್ತಲಿಕ್ಕೂ ಬಾಯಿಗಳನ್ನು ಬಿಟ್ಟರು. 2014ರಲ್ಲಿ ಜಗತ್ತಿನ ಅಪಾಯದಲ್ಲಿರುವ ಸ್ಮಾರಕಗಳ ಪಟ್ಟಿಗೆ ಬೀದರು ಸೇರಿದ ಮೇಲೆ ಇದನ್ನು ನೋಡಲು ಹೊರಗಿನವರೂ ಬರುತ್ತಾರೆ. ನೀರು ಹೀರುವ ಅದೇ ಕಲ್ಲು ತೇಜಾಬನ್ನೂ ಹೀರುತ್ತದೆ. ಹಳೆ ಬ್ಯಾಟರಿಯನ್ನು ಸುತ್ತಿಗೆಯಿಂದ ಒಡೆದು, ಸೀಸ ತೆಗೆದುಕೊಂಡು, ಆಮ್ಲವನ್ನು ಚರಂಡಿಗೋ ಖಾಲಿ ನಿವೇಶನಕ್ಕೋ ಸುರಿಯುವುದು ನಾವು ಕಣ್ಣಾರೆ ಕಂಡ ದೃಶ್ಯ. ಅದರೊಂದಿಗೆ ಸೀಸದ ವಿಷವೂ ನೆಲಕ್ಕಿಳಿಯುತ್ತದೆ, ಮಕ್ಕಳ ಬುದ್ಧಿಯನ್ನು ಕುಗ್ಗಿಸುವ ವಿಷ ಅದು. 2022ರ ಬ್ಯಾಟರಿ ತ್ಯಾಜ್ಯ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಪಡೆಯುವ ವ್ಯವಸ್ಥೆ ತಯಾರಕರ ಹೊಣೆ. ಹೊಸದು ಕೊಳ್ಳುವಾಗ ಹಳೆಯದನ್ನು ಒಡೆಯದೆ, ಆಮ್ಲ ಚೆಲ್ಲದೆ, ನೇರವಾಗಿ ನಿಲ್ಲಿಸಿಕೊಂಡು ಅಂಗಡಿಗೇ ಒಯ್ದು ಕೊಟ್ಟರೆ ಬೆಲೆಯಲ್ಲಿ ಕಡಿತವೂ ಸಿಗುತ್ತದೆ. ಮನೆಯಲ್ಲಿ ಕೆಟ್ಟು ಕೂತ ಬ್ಯಾಟರಿ ಇದ್ದು, ಒಯ್ಯಲು ಆಗದವರು ಜುಮಾದ ನಂತರ ಮಸೀದಿಯ ಕಮಿಟಿಯವರಿಗೆ ಹೆಸರು ಬರೆಸಿರಿ. ಒಂದು ಟೆಂಪೋ ಆಗುವಷ್ಟು ಕೂಡಿದ ದಿನ ಎಲ್ಲವನ್ನೂ ಒಟ್ಟಿಗೆ ಕಳಿಸುವ ಏರ್ಪಾಡು ಮಾಡುತ್ತೇವೆ.